ಪರ-ವಿರೋಧ: ದೊಡ್ಡ ಚರ್ಚಿಗೆ ಟ್ರಾನ್ಸೆಪ್ಟ್ ಬೇಕಾ?

ಪರ

ಟ್ರಾನ್ಸೆಪ್ಟ್ ಅಂದ್ರೆ ಚರ್ಚಿನ ಉದ್ದನೆ ಹಾಲಿಗೆ ಅಡ್ಡಡ್ಡ ಚಾಚಿರೋ ಎರಡು ತೋಳು, ಮೇಲಿಂದ ನೋಡಿದ್ರೆ ಕಟ್ಟಡ ಶಿಲುಬೆ ಥರ ಕಾಣೋದು ಅದ್ರಿಂದಾನೇ. ನನ್ನ ಕೇಳಿದ್ರೆ ಬೇಕೇ ಬೇಕು, ಮೊದಲನೇ ಕಾರಣ ಬೆಳಕು. ಹಳೇ ಚರ್ಚುಗಳ ಉದ್ದ ಸಾಮಾನ್ಯವಾಗಿ ಪೂರ್ವ-ಪಶ್ಚಿಮ, ತೋಳು ಉತ್ತರ-ದಕ್ಷಿಣ, ಹಂಗಾಗಿ ಯುರೋಪಲ್ಲಿ ಮಧ್ಯಾಹ್ನದ ಬಿಸಿಲು ಬಂದು ಬೀಳೋದೇ ದಕ್ಷಿಣದ ತೋಳಿನ ಗೋಡೆ ಮೇಲೆ. ಪ್ಯಾರಿಸ್ಸಿನ ನೋಟ್ರ ಡಾಮ್‌ನಲ್ಲಿ ಆ ಗೋಡೇಲಿ ಸುಮಾರು 13 ಮೀಟರ್ ಅಗಲದ ಬಣ್ಣದ ಗಾಜಿನ ರೋಸ್ ವಿಂಡೋ, ಅಂದ್ರೆ ಚಕ್ರದ ಥರ ದುಂಡಗಿರೋ ಕಿಟಕಿ ಇದೆ, 1260ರ ಆಸುಪಾಸಿಂದು, 2019ರ ಬೆಂಕೀಲೂ ಉಳ್ಕೊಂಡಿದೆ. ತೋಳೇ ಇಲ್ದಿದ್ರೆ ಅಷ್ಟು ದೊಡ್ಡ ಚಕ್ರಾನ ಪಕ್ಕದಲ್ಲಿ ಎಲ್ಲಿ ಕೂರಿಸ್ತಿದ್ರು?

ಸ್ಪೇನಿನ ಸ್ಯಾಂಟಿಯಾಗೊ ಡೆ ಕಾಂಪೊಸ್ಟೆಲಾ ಊರಿನ ದೊಡ್ಡ ಚರ್ಚು ನೋಡಿ. ಬೊಟಫುಮೇರೊ ಅನ್ನೋ ಭಾರೀ ಧೂಪದ ಪಾತ್ರೇನ ಎಂಟು ಜನ ಹಗ್ಗ ಜಗ್ಗಿ ತೂಗ್ತಾರೆ, ಅದು ಹೊಗೆ ಬಿಡ್ತಾ ಜನರ ತಲೆ ಮೇಲಿಂದ ಈ ತೋಳಿಂದ ಆ ತೋಳಿಗೆ ಹಾರತ್ತೆ. ಆ ತೂಗಾಟಕ್ಕೆ ಜಾಗ ಕೊಟ್ಟಿರೋದೇ ಟ್ರಾನ್ಸೆಪ್ಟು.

ತೋಳು ಕೂಡೋ ಕಡೆ ಗೋಪುರ ಎಬ್ಬಿಸಿದ್ರೆ ಬೀಳತ್ತೆ ಅಂತ ಹೆದರಿಸೋರು ಇದಾರೆ. ಫ್ರಾನ್ಸಿನ ಬೋವೆ ಊರಿನ ದೊಡ್ಡ ಚರ್ಚಲ್ಲಿ 1573ರಲ್ಲಿ ಬಿದ್ದಿದ್ದು ಗೋಪುರ, ತೋಳಲ್ಲ. ತೋಳುಗಳು ಇವತ್ತಿಗೂ ನಿಂತಿವೆ.

ವಿರೋಧ

ವಿರೋಧ ಬರ್ಕೊಡಿ ಅಂತ ಕೇಳಿದ್ರು, ಒಪ್ಕೊಂಡೆ. ಕಿಟಕಿ ಚಂದ, ನಾನೂ ಇಲ್ಲ ಅನ್ನಲ್ಲ, ಆದ್ರೆ ಜನ ಚರ್ಚಿಗೆ ಬರೋದು ಗಾಜು ನೋಡೋಕಾ? ಪೂಜೆಗೆ ಬರೋದು, ಪೂಜೆಗೆ ಬಂದೋರಿಗೆ ಬಲಿಪೀಠ ಕಾಣ್ಬೇಕು.

ಇದೊಂದನ್ನ ಮಾತ್ರ ಅನುಭವದಿಂದ ಹೇಳ್ತೀನಿ. ಗೆಳೆಯನ ಮದುವೆ, ಹಳೇ ಚರ್ಚು, ಹೋಗೋದು ಸ್ವಲ್ಪ ಲೇಟಾಯ್ತು, ನಮ್ಮನ್ನೆಲ್ಲ ಬಲಗಡೆ ತೋಳಲ್ಲಿ ಕೂರಿಸಿದ್ರು. ಎದುರಿಗೆ ಒಂದು ದಪ್ಪ ಕಂಬ, ಅದ್ರ ಪಕ್ಕ ಕ್ಯಾಮರಾದೋರ ಬೆನ್ನು. ಮೈಕಲ್ಲಿ ಮಾತು ಕೇಳ್ತಿತ್ತು, ಎಲ್ರೂ ಎದ್ದಾಗ ನಾವೂ ಎದ್ವಿ, ಅವನು ಉಂಗುರ ಹಾಕಿದ್ದನ್ನ ನಾನು ನೋಡಿದ್ದು ಆಮೇಲೆ ವಿಡಿಯೋದಲ್ಲಿ. ಗೆಳೆಯನ ಮದುವೇಗ್ ಹೋಗಿ ಅವನ ಮುಖಾನೇ ಕಾಣ್ಲಿಲ್ಲ ಅಂದ್ರೆ ಬೇಜಾರಾಗಲ್ವಾ.

ಟ್ರಾನ್ಸೆಪ್ಟ್ ಇಲ್ದೇನೂ ಭವ್ಯವಾಗಿ ಕಟ್ಬೋದು. ಫ್ರಾನ್ಸಿನ ಬೂರ್ಜ್ ಕೆಥೆಡ್ರಲ್ 1195ರಲ್ಲಿ ಶುರುವಾಗಿದ್ದು, ಅಕ್ಕಪಕ್ಕ ಎರಡೆರಡು ಉದ್ದನೆ ಪಡಸಾಲೆ, ಮಧ್ಯದ ಹಾಲು ಸುಮಾರು 37 ಮೀಟರ್ ಎತ್ತರ, ತೋಳು ಮಾತ್ರ ಇಲ್ಲ. ಪಶ್ಚಿಮದ ಬಾಗಿಲಲ್ಲಿ ನಿಂತ್ರೆ ಕಂಬಗಳ ಸಾಲು ಎಲ್ಲೂ ತುಂಡಾಗ್ದೆ ಬಲಿಪೀಠ ದಾಟಿ ಹಿಂದಿನವರೆಗೂ ಹೋಗತ್ತೆ. ಹೊಸದಾಗಿ ಕಟ್ಟೋರು ಒಂದ್ಸಲ ಅದರ ಪ್ಲಾನ್ ತೆಗೆದು ನೋಡ್ಲಿ.