ಹಿಡಿ ಅಕ್ಕಿಯ ಲೆಕ್ಕ

ಮೊನ್ನೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಈಸ್ಟರ್‌ಗೆ ಮುಂಚೆ ಕ್ರಿಶ್ಚಿಯನ್ನರು ವ್ರತ ಹಿಡಿಯುವ ತಪಸ್ಸು ಕಾಲದ ಸೇವಾ ಕಾರ್ಯಕ್ಕೆ ಒಂದೊಂದು ಮಗುವಿನ ಹೆಸರಲ್ಲಿ 200 ರೂಪಾಯಿ ಫೋನ್‌ಪೇ ಮಾಡಬೇಕಂತೆ. ಒಲೆ ಮುಂದೆ ನಿಂತೇ ಕಳಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಮಗಳು ಅಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಅವಳಿಗೆ ಗೊತ್ತೂ ಆಗಲಿಲ್ಲ. ರಾತ್ರಿ ಮಲಗಿದ ಮೇಲೆ ಅದೇ ಕಾಡಿತು. ಅವಳ ಹೆಸರಲ್ಲಿ ಸೇವೆ ಆಯಿತು, ಅವಳ ಕೈ ಮಾತ್ರ ಅದರಲ್ಲಿ ಇರಲೇ ಇಲ್ಲ.

ನಾನೂ ದಾವಣಗೆರೆಯ ಕಾನ್ವೆಂಟಿನಲ್ಲೇ ಓದಿದವಳು. ನಮ್ಮದು ಲಿಂಗಾಯತರ ಮನೆ, ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಆಗಿನ್ನೂ ನಮ್ಮೂರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ದಿನಾ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ವರ್ಷದಲ್ಲಿ ಒಂದು ದಿನ ಮಾತ್ರ ನನ್ನ ಕ್ರಿಶ್ಚಿಯನ್ ಗೆಳತಿಯರೂ ಹಣೆಯಲ್ಲಿ ಬೂದಿ ಇಟ್ಟುಕೊಂಡು ಬರುತ್ತಿದ್ದರು. ಬೂದಿ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರದ (ಈಸ್ಟರ್‌ಗೆ ಹಿಂದಿನ ಭಾನುವಾರ) ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು ಅಂತ ಸಿಸ್ಟರ್ ಹೇಳಿದ್ದರು. ಆವತ್ತು ನನಗೆ ಏನೋ ಖುಷಿ, ಇಡೀ ಕ್ಲಾಸು ನಮ್ಮ ಮನೆಯವರ ಹಾಗೆ ಕಾಣುತ್ತಿತ್ತು.

ಆ ದಿನದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು, 40 ದಿನ ತಪಸ್ಸು ಕಾಲ. ಪ್ರಾರ್ಥನೆ, ಉಪವಾಸ, ದಾನ ಇವು ಮೂರು ಅವರ ವ್ರತ. ನಮ್ಮ ಸಿಸ್ಟರ್ ಕ್ಲಾಸಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬ ಇಡುತ್ತಿದ್ದರು. ಶುಕ್ರವಾರಕ್ಕೊಮ್ಮೆ ಎಲ್ಲರೂ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಬೇಕು. ಅವರು ಮಂಗಳೂರಿನ ಕಡೆಯವರು, 'ಮುಷ್ಟಿ' ಅನ್ನುತ್ತಿದ್ದರು. ಅಂಗಡಿಯಿಂದ ತರುವ ಹಾಗಿಲ್ಲ. ಆವತ್ತು ಅಡುಗೆಗೆ ಅಳೆದ ಅಕ್ಕಿಯಲ್ಲೇ ಒಂದು ಹಿಡಿ ತೆಗೆಯಬೇಕು, ಅಷ್ಟು ಕಡಿಮೆ ಉಣ್ಣಬೇಕು.

ಭದ್ರಾ ನೀರು ಬಂದ ಮೇಲೆ ನಮ್ಮ ಕಡೆ ಭತ್ತಕ್ಕೇನು ಕಮ್ಮಿ? ಕ್ಲಾಸಿನಲ್ಲಿ ರೈಸ್ ಮಿಲ್ಲಿನವರ ಮಗನೊಬ್ಬ ಇದ್ದ. ಒಂದು ಶುಕ್ರವಾರ ಅವನ ಮನೆಯ ಆಳು ಅರ್ಧ ಚೀಲ ಅಕ್ಕಿ ಹೊತ್ತು ತಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸಿಸ್ಟರ್ ಆ ಹುಡುಗನ ಕೈಯಿಂದಲೇ ಒಂದು ಮುಷ್ಟಿ ತೆಗೆಸಿ ಡಬ್ಬಕ್ಕೆ ಹಾಕಿಸಿದರು. ಉಳಿದದ್ದನ್ನು ವಾಪಸ್ ಕಳಿಸಿದರು. "ಇದು ನಿನ್ನ ಪಾಲು ಮಗಾ. ಅದು ನಿನ್ನ ಅಪ್ಪನ ಪಾಲು, ಅವರು ಬೇಕಾದರೆ ಬೇರೆ ಕೊಡಲಿ" ಅಂದರು. ಆಮೇಲೆ ಬೈಬಲಿನ ಬಡ ವಿಧವೆಯ ಕತೆ ಹೇಳಿದರು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಪುಟ್ಟ ಕಾಸು ಹಾಕಿದವಳು. ಎಲ್ಲರಿಗಿಂತ ಜಾಸ್ತಿ ಕೊಟ್ಟವಳು ಇವಳೇ ಅಂದನಂತೆ ಯೇಸು.

ಮನೆಗೆ ಬಂದು ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ ಆಯ್ದಕ್ಕಿ ಲಕ್ಕಮ್ಮನ ಕತೆ ತೆಗೆದಳು. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಗಂಡ ಹೆಂಡತಿ. ಒಂದು ದಿನ ಮಾರಯ್ಯ ಜಾಸ್ತಿ ಅಕ್ಕಿ ತಂದ. ಇಷ್ಟು ಆಸೆ ನಮಗೆ ಬೇಡ, ತಂದಲ್ಲೇ ಸುರಿದು ಬಾ ಅಂದಳಂತೆ ಲಕ್ಕಮ್ಮ. "ನಿಮ್ ಸಿಸ್ಟರು ನಮ್ ಲಕ್ಕಮ್ಮ ಇದ್ದಂಗೆ ಅದಾರೆ ನೋಡವ್ವ" ಅಂದಳು ಅಜ್ಜಿ. ನಿನ್ನನ್ನು ಮತಾಂತರ ಮಾಡೋಕೆ ನೋಡಲಿಲ್ವಾ ಅಂತ ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಇಲ್ಲ. ಕ್ರಿಶ್ಚಿಯನ್ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋದರೆ ನಮಗೆ ಮಾರಲ್ ಸೈನ್ಸ್ ಇರುತ್ತಿತ್ತು. ನನಗೆ ಬೇಸರ ಇರುವುದು ಬೇರೆ ವಿಷಯಕ್ಕೆ. ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದರು. ಅದು ತಪ್ಪು, ಇವತ್ತಿಗೂ ತಪ್ಪೇ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಮಿಲ್ಲು ಮುಚ್ಚಿತು. ಊರಲ್ಲಿ ಒಂದೊಂದೇ ಮಿಲ್ಲು ನಿಲ್ಲುತ್ತಿದ್ದ ಕಾಲ. ಫೀಸು ಕಟ್ಟಿರಲಿಲ್ಲ, ಯಾರೂ ಕೇಳಲೂ ಇಲ್ಲ. ಒಂದು ಶನಿವಾರ ಸಂಜೆ, ಕತ್ತಲಾದ ಮೇಲೆ, ಸಿಸ್ಟರ್ ಮನೆಗೆ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅವ್ವನ ಜೊತೆ ಎರಡು ಮಾತಾಡಿ ಹೊರಟರು. ಚೀಲ ಬಿಚ್ಚಿದೆವು. ಸೋನಾ ಮಸೂರಿ, ದಪ್ಪಕ್ಕಿ, ಕುಸುಬಲಕ್ಕಿ, ರೇಷನ್ ಅಕ್ಕಿ ಎಲ್ಲ ಬೆರೆತಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ಅದು ನಮ್ಮ ಕ್ಲಾಸಿನ ಡಬ್ಬದ ಅಕ್ಕಿ.

ನಾಚಿಕೆಯಿಂದ ಅತ್ತುಬಿಟ್ಟೆ. ಸೋಮವಾರ ಶಾಲೆಗೆ ಹೋಗಲ್ಲ ಅಂದೆ. ಅಜ್ಜಿ ಏನೂ ಸಮಾಧಾನ ಹೇಳಲಿಲ್ಲ. ಆ ಚೀಲಕ್ಕೇ ಕೈ ಹಾಕಿ ಒಂದು ಹಿಡಿ ತೆಗೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ ಇಟ್ಟಳು. "ಶುಕ್ರವಾರಕ್ಕೆ ತಗಂಡು ಹೋಗು. ಇಸ್ಕಂಡೋರು ಕೊಡಬಾರದು ಅಂತ ಎಲ್ಲೈತೆ?"

ಶುಕ್ರವಾರ ಡಬ್ಬಕ್ಕೆ ಅಕ್ಕಿ ಹಾಕುವಾಗ ಸಿಸ್ಟರ್ ಪಕ್ಕದಲ್ಲೇ ಇದ್ದರು. ಮೆಲ್ಲಗೆ ಥ್ಯಾಂಕ್ಯೂ ಅಂದೆ. "ನನಗೆ ಯಾಕೆ? ಥ್ಯಾಂಕ್ಸ್ ಹೇಳಲಿಕ್ಕೆ ನಾನೂ ದಿನಾ ಬೆಳಿಗ್ಗೆ ಪೂಜೆಗೆ ಹೋಗ್ತೇನೆ" ಅಂದರು. ಚರ್ಚಿನಲ್ಲಿ ನಡೆಯುವ ಆ ಪೂಜೆಗೆ, ಅಂದರೆ ಬಲಿಪೂಜೆಗೆ, ಅವರು ಯೂಕರಿಸ್ಟ್ ಅಂತಾರಲ್ಲ, ಗ್ರೀಕ್ ಭಾಷೆಯಲ್ಲಿ ಆ ಮಾತಿನ ಅರ್ಥವೇ ಕೃತಜ್ಞತೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಡಬ್ಬದ ಅಕ್ಕಿ ಯಾರ ಮನೆಗೆ ಹೋಯಿತು ಅಂತ ಕ್ಲಾಸಿನಲ್ಲಿ ಯಾರಿಗೂ ಕೊನೆವರೆಗೂ ಗೊತ್ತಾಗಲಿಲ್ಲ. ಮುಂದಿನ ವರ್ಷ ಸಿಸ್ಟರ್‌ಗೆ ವರ್ಗವಾಯಿತು. ಹೋಗುವಾಗ ಅವರ ಹತ್ತಿರ ಇದ್ದದ್ದು ಒಂದು ಟ್ರಂಕು. ಬಡತನದ ವ್ರತ ತೊಟ್ಟವರು, ಸಂಬಳವೂ ಅವರ ಸನ್ಯಾಸಿನಿಯರ ಸಭೆಗೇ ಸೇರುತ್ತದೆ.

ಈಗ ಸೇವೆ ಅಂದರೆ ಫ್ಲೆಕ್ಸ್ ಕಟ್ಟುತ್ತಾರೆ. ಕಿಟ್ ಕೊಡುವವರು ಕ್ಯಾಮೆರಾ ನೋಡುತ್ತಾರೆ, ತಗೊಳ್ಳುವ ಅಜ್ಜಿ ತಲೆ ತಗ್ಗಿಸಿ ನಿಂತಿರುತ್ತಾಳೆ. ಮಠದವರು, ಚರ್ಚಿನವರು, ಕ್ಲಬ್ಬಿನವರು ಎಲ್ಲರೂ ಇದನ್ನು ಮಾಡುತ್ತಾರೆ. ಅಂಥ ಫೋಟೋ ನೋಡಿದಾಗೆಲ್ಲ ಸಿಸ್ಟರ್ ಕತ್ತಲಾಗುವವರೆಗೆ ಕಾದದ್ದು ನೆನಪಾಗಿ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಇಸ್ಕೊಳ್ಳುವ ಮನೆಯಲ್ಲೂ ಒಬ್ಬ ಏಳನೇ ಕ್ಲಾಸಿನ ಹುಡುಗಿ ಇರಬಹುದು ಅಲ್ವಾ?

200 ರೂಪಾಯಿ ಹಣ ದೊಡ್ಡದಲ್ಲ. ಆ ಹಣದಿಂದ ಯಾರದೋ ಊಟ ಆಗುತ್ತದೆ, ಅದೂ ಒಳ್ಳೆಯದೇ. ನನಗೆ ಚಿಂತೆ ಮಕ್ಕಳದ್ದು. ಸೋಮವಾರ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇದೆ. ಕ್ಲಾಸಿಗೊಂದು ಡಬ್ಬ ಇಡಿ ಅಂತ ಕೇಳುತ್ತೇನೆ. ಹುಳ ಬೀಳುತ್ತದೆ, ಅಕ್ಕಿ ಬೆರೆತುಹೋಗುತ್ತದೆ, ಲೆಕ್ಕ ಕಷ್ಟ ಅನ್ನಬಹುದು. ಶುಕ್ರವಾರ ಮಧ್ಯಾಹ್ನ ನಾನೇ ಬಂದು ಜರಡಿ ಹಿಡಿದು, ತೂಕ ಮಾಡಿ, ಚೀಲ ಕಟ್ಟಿಕೊಡುತ್ತೇನೆ. ಅದೇ ಶಾಲೆಯ ಪೇರೆಂಟ್ಸ್ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅವತ್ತು ನನ್ನ ಜೊತೆ ಎದ್ದು ನಿಲ್ಲಿ.