ಅಪ್ಪನಿಗೆ ಏನಾಗಿತ್ತು?

ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು. ಹೋದ ತಿಂಗಳು ಇಲ್ಲಿನ ಒಂದು ಆರೋಗ್ಯ ಸಂಶೋಧನೆಗೆ ಹೆಸರು ಕೊಟ್ಟೆ. ರಕ್ತ ಕೊಡುವುದೇನೋ ಸುಲಭ. ಫಾರಂ ತುಂಬುವಾಗ ಸಿಕ್ಕಿಬಿದ್ದೆ. ‘ನಿಮ್ಮ ತಂದೆಗೆ ಯಾವ ಕಾಯಿಲೆ ಇತ್ತು?’

ಹನ್ನೊಂದು ದಿನ ಐಸಿಯು ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕೂತವನು ನಾನು. ಆದರೂ ಉತ್ತರ ಗೊತ್ತಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. ಅವನು ಬೀರುವಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಒಂದೊಂದೇ ಫೋಟೋ ಕಳಿಸಿದ. ಬಿಲ್ಲುಗಳೆಲ್ಲ ಜೋಪಾನವಾಗಿದ್ದವು. ಇಸಿಜಿ ಕಾಗದದಲ್ಲಿ ಗೆರೆಯೆಲ್ಲ ಮಾಸಿ ಬರೀ ಚೌಕಳಿ ಉಳಿದಿತ್ತು. ಸಾವಿನ ಕಾರಣದ ಜಾಗದಲ್ಲಿ ‘ಹೃದಯ, ಉಸಿರಾಟ ನಿಂತದ್ದರಿಂದ’ ಅಂತಿತ್ತು. ಎಲ್ಲರೂ ಸಾಯುವುದು ಹಾಗೇ ಅಲ್ವಾ? ಸೋಂಕು ರಕ್ತಕ್ಕೇರಿತ್ತೋ, ಶ್ವಾಸಕೋಶ ಕೈಕೊಟ್ಟಿತ್ತೋ, ನಾಳೆ ನನಗೂ ಬಂದೀತೋ, ಒಂದಕ್ಕೂ ಉತ್ತರವಿಲ್ಲ.

ಇಲ್ಲಿ ಪ್ರತಿಯೊಬ್ಬರಿಗೂ ಹತ್ತು ಅಂಕಿಯ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನಂಬರ್ ಇದೆ. ಮನೆ ಬದಲಿಸಿ, ಡಾಕ್ಟರ್ ಬದಲಿಸಿ, ಹಳೇ ದಾಖಲೆ ಹಿಂದೆಯೇ ಬರುತ್ತದೆ. ಯುಕೆ ಬಯೋಬ್ಯಾಂಕ್ ಅನ್ನುವ ಸಂಶೋಧನಾ ಯೋಜನೆ 2006ರಿಂದ 2010ರವರೆಗೆ 40ರಿಂದ 69 ವಯಸ್ಸಿನ ಐದು ಲಕ್ಷ ಜನರ ರಕ್ತ, ಮೂತ್ರ ಪಡೆದು ಫ್ರೀಜರಿನಲ್ಲಿಟ್ಟಿತು. ಅವರ ಆಸ್ಪತ್ರೆ ದಾಖಲೆ ನೋಡಲು ಆಗಲೇ ಒಪ್ಪಿಗೆ ಪಡೆದಿತ್ತು. ಹತ್ತು ವರ್ಷ ಬಿಟ್ಟು ಅವರಲ್ಲೊಬ್ಬರು ಐಸಿಯು ಸೇರಿದರೆ ಅದನ್ನು ತಿಳಿಯಲು ಯಾರ ಮನೆ ಬೀರುವನ್ನೂ ತಡಕಬೇಕಿಲ್ಲ.

ಇದರ ಬೆಲೆ ಗೊತ್ತಾದದ್ದು ಕೋವಿಡ್‌ನಲ್ಲಿ. ಎಡಿನ್‌ಬರೋದ ಕೆನೆತ್ ಬೇಲಿ ಅವರ ತಂಡ 208 ಐಸಿಯುಗಳ 2,244 ರೋಗಿಗಳ ಜೀನ್‌ಗಳನ್ನು ಬಯೋಬ್ಯಾಂಕಿನವರ ಜೀನ್‌ಗಳ ಪಕ್ಕ ಇಟ್ಟು ನೋಡಿತು. ಉರಿಯೂತಕ್ಕೆ ಸಂಬಂಧಪಟ್ಟ ಟಿವೈಕೆ2 ಅನ್ನುವ ಜೀನ್ ಕಣ್ಣಿಗೆ ಬಿತ್ತು. ಆ ಉರಿಯೂತದ ಜಾಡನ್ನು ತಡೆಯುವ ಮಾತ್ರೆಯೊಂದು ಮೊದಲೇ ಇತ್ತು, ಸಂಧಿವಾತಕ್ಕೆ ಕೊಡುವ ಬ್ಯಾರಿಸಿಟಿನಿಬ್. ರಿಕವರಿ ಅನ್ನುವ ಬ್ರಿಟನ್ನಿನ ಔಷಧಿ ಪ್ರಯೋಗದಲ್ಲಿ ಅದನ್ನು ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಕೊಟ್ಟರು. ಸಾವು ಶೇಕಡಾ 13ರಷ್ಟು ತಗ್ಗಿತು.

ನಮ್ಮಲ್ಲೂ ಆಗ ಐಸಿಯುಗಳು ತುಂಬಿ ತುಳುಕಿದ್ದವು. ಆ ಕೇಸ್ ಶೀಟುಗಳೆಲ್ಲ ಏನಾದವು? ‘ಈಗ ಆರೋಗ್ಯ ದಾಖಲೆಗೆ ಆಭಾ ನಂಬರ್ ಬಂದಿದೆಯಲ್ಲ, ಹದಿನಾಲ್ಕು ಅಂಕಿ’ ಅಂದ ತಮ್ಮ. ಇವರಿಗಿಂತ ನಾಲ್ಕು ಜಾಸ್ತಿ! ಅದರೊಳಗೆ ನಿನ್ನದು ಏನೇನಿದೆ ಅಂತ ಕೇಳಿದೆ. ನಕ್ಕುಬಿಟ್ಟ.

ಇನ್ನೊಂದು ಮಾತಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಬಯೋಬ್ಯಾಂಕಿನ ಐದು ಲಕ್ಷದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಬಿಳಿಯರೇ. ಕೋವಿಡ್ ಉಲ್ಬಣಿಸುವಂತೆ ಮಾಡುವ ಡಿಎನ್‌ಎ ತುಣುಕೊಂದು ಮೂರನೇ ಕ್ರೋಮೋಸೋಮಿನಲ್ಲಿದೆ, ನಿಯಾಂಡರ್ತಲರೆಂಬ ಆದಿಮಾನವರಿಂದ ಬಂದದ್ದು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ, ಯುರೋಪಿನಲ್ಲಿ ನೂರಕ್ಕೆ 16 ಜನರಲ್ಲಿ. ಅಪಾಯ ನಮಗೆ ಜಾಸ್ತಿ, ಫ್ರೀಜರಿನಲ್ಲಿರುವುದು ಅವರ ರಕ್ತ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಹತ್ತು ಸಾವಿರ ಭಾರತೀಯರ ಜೀನ್‌ಗಳನ್ನು ಓದಲು ಹೊರಟಿತು, ಅದೂ ಬೆಂಗಳೂರಿನಿಂದಲೇ. ಸರಿ, ಒಪ್ಪಿದೆ.

ಆ ಐಸಿಯು ದಿನಗಳಿಗೂ ಎಷ್ಟೋ ವರ್ಷ ಮೊದಲು ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಹಿಂದಿನ ರಾತ್ರಿ ಅರಿವಳಿಕೆ ಡಾಕ್ಟರ್ ಬಂದು ‘ನೀವು ವೈಶ್ಯರಾ?’ ಅಂತ ಕೇಳಿದರು. ಇಲ್ಲೂ ಜಾತಿಯೇ ಅಂತ ಸಿಟ್ಟು ಬಂತು. ಅರ್ಥವಾಗಿದ್ದು ಆಮೇಲೆ. ಅರಿವಳಿಕೆ ಹೊತ್ತಿಗೆ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಅನ್ನುವ ಔಷಧಿಯನ್ನು ಕರಗಿಸುವ ಕಿಣ್ವ ಕೆಲವು ವೈಶ್ಯರಲ್ಲಿ ಇರುವುದೇ ಇಲ್ಲ. ನಿಮಿಷಗಳಲ್ಲಿ ಇಳಿಯಬೇಕಾದ ಮದ್ದು ಗಂಟೆಗಟ್ಟಲೆ ಇಳಿಯದೆ ವೆಂಟಿಲೇಟರಿನಲ್ಲೇ ಇಡಬೇಕಾಗುತ್ತದೆ. ಫ್ರೀಜರಿಲ್ಲ, ಕಂಪ್ಯೂಟರಿಲ್ಲ, ಒಂದೇ ಪ್ರಶ್ನೆಯಲ್ಲಿ ಆ ಡಾಕ್ಟರ್ ಜೀನ್‌ನ ಅಪಾಯ ಅಳೆದಿದ್ದರು.

‘ಅಲ್ಲ’ ಅಂದ ಅಪ್ಪನ ಉತ್ತರವನ್ನು ಅವರು ಕೇಸ್ ಶೀಟಿನಲ್ಲಿ ಬರೆದುಕೊಂಡರು. ಪ್ಲಾಸ್ಟಿಕ್ ಕವರಿನಲ್ಲಿ ಆ ಶೀಟೂ ಇಲ್ಲ.