ಸಹಿ ಹಾಕುವ ಮುಂಚೆ ಕರೆಂಟ್ ಬಿಲ್ ತೆಗೆದು ನೋಡಿ

ಶನಿವಾರ ಅಮೆರಿಕದ ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿರುವ ಗೆಳತಿಯ ಮನೆಗೆ ಸುಮ್ನೆ ಕಾಫಿಗೆ ಅಂತ ಹೋಗಿದ್ದೆ. ಹೋಗಿ ನೋಡಿದರೆ ಡೈನಿಂಗ್ ಟೇಬಲ್ ಮೇಲೆ ಕಾಂಟ್ರಾಕ್ಟರ್ ಬಿಟ್ಟುಹೋದ ಎರಡು ಹಾಳೆಯ ಕೊಟೇಶನ್. ಪಕ್ಕದಲ್ಲೇ ಚೆಕ್ ಬುಕ್, ಪೆನ್ನು. ಮನೆ ಬೆಚ್ಚಗಿಡುವ ಹಳೆಯ ಆಯಿಲ್ ಬಾಯ್ಲರ್ ತೆಗೆಸಿ, ಅದರ ಜಾಗಕ್ಕೆ ಕರೆಂಟ್‌ನಲ್ಲಿ ಓಡುವ ಹೀಟ್ ಪಂಪ್ ಹಾಕಿಸುವ ಕೆಲಸ. ಒಟ್ಟು 23,500 ಡಾಲರ್. ಅದರ ಕೆಳಗೆ ಎರಡು ಸಾಲು: ರಾಜ್ಯದ ವಿದ್ಯುತ್ ಉಳಿತಾಯ ಯೋಜನೆ ಮಾಸ್ ಸೇವ್‌ನ ರಿಬೇಟ್ 10,000, ಕೇಂದ್ರ ಸರ್ಕಾರದ ತೆರಿಗೆಯಲ್ಲಿ ಕಡಿತವಾಗುವ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ 2,000. ಎರಡನ್ನೂ ಕಳೆದು, ಕೊನೆಗೆ ದಪ್ಪ ಅಕ್ಷರದಲ್ಲಿ 11,500.

"ಸೋಮವಾರದೊಳಗೆ ಸಹಿ ಹಾಕಿದರೆ ಇನ್ನೂ 500 ಬಿಡ್ತಾನಂತೆ" ಅಂದರು ಅವಳ ಗಂಡ, ಖುಷಿಯಲ್ಲಿ.

ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಕಳೆದು ತೋರಿಸಿದ ಆ ಎರಡು ಮೊತ್ತದಲ್ಲಿ ಒಂದೂ ಅವರಿಗೆ ಸಿಗುವ ಹಣ ಅಲ್ಲ.

"ನಿಮ್ಮ ಕರೆಂಟ್ ಬಿಲ್ ತೆಗೀರಿ" ಅಂದೆ. ಫೋನ್‌ನಲ್ಲಿ ತೆಗೆದರು. ಮೇಲೆ ಸೆಲ್ಕೋ ಅಂತಿದೆ. ಅದು ಶ್ರೂಸ್‌ಬರಿ ಊರಿನದೇ ವಿದ್ಯುತ್ ಸಂಸ್ಥೆ. ಮಾಸ್ ಸೇವ್ ನಡೆಸುವುದು ಎವರ್‌ಸೋರ್ಸ್, ನ್ಯಾಷನಲ್ ಗ್ರಿಡ್, ಯೂನಿಟಿಲ್ ಥರದ ಕರೆಂಟ್, ಗ್ಯಾಸ್ ಕಂಪನಿಗಳು. ಅವರ ಗ್ರಾಹಕರ ಬಿಲ್‌ನಲ್ಲಿ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಹಿಡಿದ ಹಣವೇ ರಿಬೇಟ್ ಆಗಿ ವಾಪಸ್ ಬರುವುದು. ಇವರ ಮನೆಯಲ್ಲಿ ಬಾಯ್ಲರ್‌ಗೆ ಸುಡುವುದು ಎಣ್ಣೆ, ಗ್ಯಾಸ್ ಖಾತೆಯೂ ಇಲ್ಲ. ಮಾಸ್ ಸೇವ್‌ಗೂ ಇವರಿಗೂ ಸಂಬಂಧವೇ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹೀಗೆ ಊರಿನದೇ ಕರೆಂಟ್ ಸಂಸ್ಥೆ ಇರುವ ಕಡೆ 40ಕ್ಕೂ ಜಾಸ್ತಿ ಇವೆ. ಕಾನ್‌ಕಾರ್ಡ್, ವೆಲ್ಸ್‌ಲಿ, ಹಡ್ಸನ್, ಲಿಟಲ್ಟನ್ ಎಲ್ಲಾ ಹಾಗೇ. ಅಲ್ಲಿನ ನಿಯಮ ಬೇರೆ, ಮೊತ್ತ ಬೇರೆ. ಪಕ್ಕದ ವೆಸ್ಟ್‌ಬರೋದಲ್ಲಿರುವ ಸ್ನೇಹಿತರಿಗೆ ಸಿಕ್ಕಿತು ಅಂತ ನಿಮಗೂ ಸಿಗುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಇನ್ನು ಆ 2,000. 2022ರ ಕಾನೂನಿನಲ್ಲಿ ಅದು 2032ರವರೆಗೆ ಇರಬೇಕಿತ್ತು, ನಿಜ. ಆದರೆ 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಅದನ್ನು 2025ರ ಡಿಸೆಂಬರ್ 31ಕ್ಕೇ ನಿಲ್ಲಿಸಿತು. ಆ ದಿನದೊಳಗೆ ಮಷೀನು ಕೂತು ಓಡುತ್ತಿರಬೇಕಿತ್ತು, ಅಡ್ವಾನ್ಸ್ ಕೊಟ್ಟಿದ್ದರೆ ಸಾಲದು. ಈಗ 2026. ದಿನಾ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಎರಡನೇ ಹಾಳೆಯ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಏನಿತ್ತು ಗೊತ್ತಾ? ರಿಬೇಟ್ ಮತ್ತು ಟ್ಯಾಕ್ಸ್ ಕ್ರೆಡಿಟ್ ಸಿಗುವುದು ಬಿಡುವುದು ಮನೆಯವರ ಜವಾಬ್ದಾರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಲ್ಲದೆ, ಹುಟ್ಟದಿದ್ದರೆ ನನ್ನನ್ನು ಕೇಳಬೇಡಿ ಅಂತ ಬರೆಸಿಕೊಂಡ ಹಾಗೆ.

ಈ ವಿಷಯದಲ್ಲಿ ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹತ್ತಿರದವರಿಗೆ ಗೊತ್ತು. 2022ರಲ್ಲಿ ನಮ್ಮ ಮನೆಯ ಅಟ್ಟಕ್ಕೆ ಇನ್ಸುಲೇಶನ್, ಅಂದರೆ ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ, ಹಾಕಿಸಿದೆ. ಪರಿಚಯದವರು ಒಬ್ಬನ ನಂಬರ್ ಕೊಟ್ಟರು, ಅವನು ಬಂದ, ಎರಡು ದಿನದಲ್ಲಿ ಮುಗಿಸಿದ, 4,000 ಚಿಲ್ಲರೆ ಕೊಟ್ಟೆ. ನಮ್ಮದು ನ್ಯಾಷನಲ್ ಗ್ರಿಡ್ ಊರು. ಮೊದಲು ಒಂದು ಫೋನ್ ಮಾಡಿ ಮಾಸ್ ಸೇವ್‌ನವರಿಂದ ಎನರ್ಜಿ ಅಸೆಸ್‌ಮೆಂಟ್ (ಮನೆಗೆ ಬಂದು ಮಾಡುವ ಪರಿಶೀಲನೆ) ಮಾಡಿಸಿದ್ದರೆ ಅವರು ಒಪ್ಪಿದ ಇನ್ಸುಲೇಶನ್ ಖರ್ಚಿನ 75 ಪರ್ಸೆಂಟ್ ಅವರೇ ಭರಿಸುತ್ತಿದ್ದರು. ಅಸೆಸ್‌ಮೆಂಟ್‌ಗೆ ಒಂದು ಡಾಲರ್ ಕೂಡ ಕೊಡಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಬಿಲ್ ಹಿಡಿದುಕೊಂಡು ಫೋನ್ ಮಾಡಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹಣದಲ್ಲಿ ಅಮ್ಮನಿಗೆ ಬಂದುಹೋಗುವ ಟಿಕೆಟ್ ಆಗುತ್ತಿತ್ತು, ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಅದಕ್ಕೇ ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ರಿಬೇಟ್ ಮೊದಲು, ಕಾಂಟ್ರಾಕ್ಟರ್ ಆಮೇಲೆ. ಮಾಸ್ ಸೇವ್ ಇರುವ ಊರಿನಲ್ಲೂ ಯಾರು ಹಾಕಿದರೂ ಹಣ ಬರುವುದಿಲ್ಲ. ಹೀಟ್ ಪಂಪ್ ಕೂರಿಸುವವನು ಅವರ ಇನ್‌ಸ್ಟಾಲರ್ ಪಟ್ಟಿಯಲ್ಲಿರಬೇಕು. ಇಡೀ ಮನೆಗೆ ಹಾಕಿಸುವ ದೊಡ್ಡ ರಿಬೇಟ್ ಬೇಕು ಅಂದರೆ ಮನೆಯಲ್ಲಿ ಇನ್ಸುಲೇಶನ್ ಸರಿಯಾಗಿದೆ ಅಂತ ತೋರಿಸಬೇಕು. 1930ಕ್ಕೂ ಹಿಂದಿನ ಮನೆಗಳಲ್ಲಿ ಗೋಡೆಯೊಳಗೆ ಪಿಂಗಾಣಿ ಗುಬುಟಿನ ಮೇಲೆ ಎಳೆದ ಹಳೇ ವೈರಿಂಗ್ ಇರುತ್ತದಲ್ವಾ, ಅದು ಇದ್ದರೆ ಇನ್ಸುಲೇಶನ್ನೇ ತುಂಬುವ ಹಾಗಿಲ್ಲ, ಮೊದಲು ಎಲೆಕ್ಟ್ರಿಶಿಯನ್ ನೋಡಬೇಕು. ಒಂದಕ್ಕೊಂದು ಕೊಂಡಿ. ಮೊತ್ತವೂ ನಿಂತಲ್ಲಿ ನಿಲ್ಲುವುದಿಲ್ಲ. 2024ರಲ್ಲಿ ಇಡೀ ಮನೆಗೆ 10,000 ಇತ್ತು. 2025ರಲ್ಲಿ ಹೀಟ್ ಪಂಪ್‌ನ ಸಾಮರ್ಥ್ಯ ನೋಡಿ ಟನ್‌ಗೆ 3,000, ಮಿತಿ 10,000 ಮಾಡಿದರು. 2026ರಲ್ಲಿ ಅದೂ ಇಳಿಯಿತು. ಗೆಳತಿಯ ಕೊಟೇಶನ್‌ನಲ್ಲಿ ಇದ್ದಿದ್ದು ಹಳೇ ಲೆಕ್ಕ!

"ಪಟ್ಟಿಯಲ್ಲಿರುವವರು ರಿಬೇಟ್ ನೋಡಿಕೊಂಡೇ ರೇಟ್ ಏರಿಸುತ್ತಾರೆ" ಅಂತ ಕೆಲವರು ಹೇಳುತ್ತಾರೆ. ಏರಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಮೂರು ಕಡೆ ಕೊಟೇಶನ್ ತಗೊಳ್ಳಿ, ರಿಬೇಟ್ ಕಳೆಯುವ ಮುಂಚಿನ ಅಂಕಿಗಳನ್ನು ಹೋಲಿಸಿ, ಗೊತ್ತಾಗುತ್ತದೆ. "ಜನವರಿಯಲ್ಲಿ ಬಾಯ್ಲರ್ ಕೆಟ್ಟು, ಮಕ್ಕಳು ಮನೆಯೊಳಗೆ ಜಾಕೆಟ್ ಹಾಕಿಕೊಂಡು ಕೂತಿರುವಾಗ ಅಸೆಸ್‌ಮೆಂಟ್‌ಗೆ ಕಾಯಲು ಆಗುತ್ತಾ?" ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ಅದಕ್ಕೇ ಹೇಳುತ್ತಿರುವುದು, ಸೆಪ್ಟೆಂಬರ್‌ನಲ್ಲೇ ಮಾಡಿಸಿಡಿ ಅಂತ.

ಬೇರೆ ರಾಜ್ಯದವರೂ ಕೇಳಿ. 2022ರ ಕಾನೂನಿನಲ್ಲೇ ಆದಾಯ ನೋಡಿ ಕೊಡುವ ಇನ್ನೊಂದು ರಿಬೇಟ್ ಇದೆ. ಹೀಟ್ ಪಂಪ್‌ಗೆ 8,000, ಎಲೆಕ್ಟ್ರಿಕ್ ಪ್ಯಾನೆಲ್‌ಗೆ (ಮನೆಯ ಬ್ರೇಕರ್ ಪೆಟ್ಟಿಗೆ) 4,000, ವೈರಿಂಗ್‌ಗೆ 2,500ರವರೆಗೆ, ಎಲ್ಲಾ ಸೇರಿ ಒಂದು ಮನೆಗೆ 14,000 ಮಿತಿ. ಹಂಚುವುದು ಆಯಾ ರಾಜ್ಯ, ಎಲ್ಲಾ ಕಡೆ ಒಂದೇ ರೀತಿ ಇಲ್ಲ. ಆದರೆ ಮೊದಲೇ ಮಾಡಿಸಿ ಮುಗಿಸಿದ ಕೆಲಸಕ್ಕೆ ಅದರಲ್ಲಿ ಹಣ ಇಲ್ಲ. ಅನುಮೋದನೆ ಮೊದಲು ಸಿಗಬೇಕು.

ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಇದೆಲ್ಲ ಹೇಳಿಕೊಟ್ಟವರು ಯಾರೂ ಇಲ್ಲ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ. ಮೊದಲು ಬಂದವನೊಬ್ಬ 15,000 ರೂಪಾಯಿ ಕಮ್ಮಿಗೆ ಹಾಕಿಕೊಡುತ್ತೇನೆ ಅಂದನಂತೆ, ವಿದೇಶಿ ಪ್ಯಾನೆಲ್. ತಮ್ಮ ಒಪ್ಪಲಿಲ್ಲ. "ಅಕ್ಕಾ, ಇಲ್ಲೇ ತಯಾರಾದ ಪ್ಯಾನೆಲ್ ಇದ್ದರೆ ಮಾತ್ರ ಸಬ್ಸಿಡಿ. 15 ಉಳಿಸೋಕೆ ಹೋಗಿ 78 ಸಾವಿರ ಕಳ್ಕೊಳ್ಳಲಾ?" ಅಂದ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನೋಂದಣಿ ಇರುವ ವೆಂಡರ್‌ನನ್ನೇ ಹುಡುಕಿ, ಆಮೇಲೆ ಕೆಲಸ ಶುರು ಮಾಡಿಸಿದ. ಹಣ ಅವನ ಬ್ಯಾಂಕ್ ಖಾತೆಗೇ ಬಂತು. ಅವತ್ತು ಫೋನ್‌ನಲ್ಲಿ ಅವನ ಮಾತು ಕೇಳಿ ನನಗೆ ಎಷ್ಟು ಹೆಮ್ಮೆ ಆಯಿತು ಅಂತೀರಿ.

ಶನಿವಾರ ಸಂಜೆ ಗೆಳತಿಯ ಬೇಸ್‌ಮೆಂಟ್‌ಗೂ ಇಳಿದು ನೋಡಿದೆವು. ಕೊಟೇಶನ್‌ನಲ್ಲಿ ಕಾಂಟ್ರಾಕ್ಟರ್ ಎಲೆಕ್ಟ್ರಿಕ್ ಪ್ಯಾನೆಲನ್ನು 200 ಆಂಪ್ ಮಾಡಲು 3,800 ಡಾಲರ್ ಸೇರಿಸಿದ್ದ. ಈಗಿರುವುದು 100 ಆಂಪ್, ಅದರಲ್ಲಿ ಇನ್ನೂ ನಾಲ್ಕು ಬ್ರೇಕರ್‌ಗೆ ಜಾಗ ಖಾಲಿ ಇದೆ. "ಮನೆಗೆ ಒಟ್ಟು ಎಷ್ಟು ಕರೆಂಟ್ ಬೇಕು ಅಂತ ಲೋಡ್ ಲೆಕ್ಕ ಹಾಕಿದನಾ?" ಅಂತ ಕೇಳಿದೆ. "ಬಾಗಿಲು ತೆಗೆದು ನೋಡಿ ಮುಚ್ಚಿದ, ಅಷ್ಟೇ" ಅಂದಳು.

ಮೇಲೆ ಬಂದ ಮೇಲೆ ಅವಳ ಗಂಡ ಏನೂ ಮಾತಾಡದೆ ಚೆಕ್ ಬುಕ್ ಡ್ರಾಯರ್ ಒಳಗಿಟ್ಟರು. ಅವಳು ಕೊಟೇಶನ್ ಹಾಳೆ ತಿರುಗಿಸಿ, ಅದರ ಬೆನ್ನ ಮೇಲೆ ಸೆಲ್ಕೋಗೆ ಕೇಳಬೇಕಾದ ಪ್ರಶ್ನೆ ಬರೆಯತೊಡಗಿದಳು. ಒಂಬತ್ತು ಪ್ರಶ್ನೆ ಆಯಿತು. ಸೋಮವಾರ ಬೆಳಗ್ಗೆ ಫೋನ್ ಮಾಡುತ್ತಾಳೆ.